ಶೆಡ್ಡಿಗೆ ಮೊದಲು ನೀರಿನ ದಾರಿ ನೋಡಿ: ಕಾಲುವೆ ಸೀಮೆಯ ಸಾಕಣೆದಾರರಿಗೆ

ಗಂಗಾವತಿ, ಕಾರಟಗಿ, ಸಿಂಧನೂರು ಭಾಗದಲ್ಲಿ ಭತ್ತದ ಜೊತೆಗೆ ಹೈನುಗಾರಿಕೆಯನ್ನೋ ಕೋಳಿ ಸಾಕಣೆಯನ್ನೋ ಆರಂಭಿಸಲು ಹೊರಟ ಯುವಕರು ಮೊದಲು ವಿಚಾರಿಸುವುದು ಬ್ಯಾಂಕ್ ಸಾಲ ಮತ್ತು ಸಬ್ಸಿಡಿಯನ್ನು. ದಿನವೂ ಬೀಳುವ ಹೆಂಡಿ, ಗಂಜಲ ಮತ್ತು ಕೊಟ್ಟಿಗೆ ತೊಳೆದ ನೀರು ಎಲ್ಲಿಗೆ ಹೋಗಬೇಕು, ಅದಕ್ಕೆ ಯಾರ ಅನುಮತಿ ಬೇಕು ಎಂಬ ಪ್ರಶ್ನೆ ಏಳುವುದು ಶೆಡ್ಡು ಕಟ್ಟಿ ಮುಗಿದು, ಪಕ್ಕದ ಹೊಲದವರು ತಕರಾರು ತೆಗೆದ ಮೇಲೆ. ಈ ಕ್ರಮ ತಿರುಗುಮುರುಗಾಗಬೇಕು ಎಂಬ ಕಳಕಳಿಯಿಂದ ಇದನ್ನು ಬರೆಯುತ್ತಿದ್ದೇನೆ.

ಸಾಕಣೆ ಎಂದರೆ ಒಕ್ಕಲುತನವೇ, ಅದಕ್ಕೇಕೆ ಪರವಾನಗಿ ಎಂದು ಅನೇಕರು ಕೇಳುತ್ತಾರೆ. ಕರ್ನಾಟಕ ಭೂಸುಧಾರಣಾ ಕಾಯ್ದೆಯ ವ್ಯಾಖ್ಯೆಯಲ್ಲಿ ಹೈನುಗಾರಿಕೆ, ಕೋಳಿ ಸಾಕಣೆ ಎರಡೂ ಕೃಷಿಯೊಳಗೇ ಬರುತ್ತವೆ ಎಂಬುದು ನಿಜ. ಆದರೆ ಜಮೀನಿನ ಕಾಯ್ದೆ ಬೇರೆ, ನೀರಿನ ಕಾಯ್ದೆ ಬೇರೆ. 1974ರ ಜಲ ಮಾಲಿನ್ಯ ಕಾಯ್ದೆಯು ಹೊಲಸು ನೀರನ್ನು ಹಳ್ಳಕ್ಕೋ ಬಾವಿಗೋ ಬಿಡುವುದನ್ನು ತಡೆಯುತ್ತದೆಯೇ ಹೊರತು, ಬಿಟ್ಟವರು ರೈತರೋ ಕಾರ್ಖಾನೆಯವರೋ ಎಂದು ನೋಡುವುದಿಲ್ಲ.

ಕೋಳಿ ಸಾಕಣೆಯ ವಿಷಯದಲ್ಲಿ ಮೊದಲು ಒಂದು ಲಕ್ಷ ಕೋಳಿಗಳಿಗಿಂತ ಕಡಿಮೆ ಇರುವ ಫಾರಂಗಳು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯಾದ ಸಮ್ಮತಿ ಪತ್ರದ ಗೊಡವೆಯಿಂದ ಹೊರಗಿದ್ದವು. 2020ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಆ ಸಡಿಲಿಕೆಯನ್ನು ಮರುಪರಿಶೀಲಿಸಲು ಆದೇಶಿಸಿದ ಮೇಲೆ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2021ರಲ್ಲಿ ಹೊಸ ಮಾರ್ಗಸೂಚಿಯನ್ನು ಹೊರಡಿಸಿತು. ಅದರಂತೆ ಒಂದೇ ಜಾಗದಲ್ಲಿ 25,000ಕ್ಕಿಂತ ಹೆಚ್ಚು ಕೋಳಿಗಳಿರುವವರು 2022ರ ಜನವರಿಯಿಂದಲೂ, 5,000ದಿಂದ 25,000ದವರೆಗೆ ಇರುವವರು 2023ರ ಜನವರಿಯಿಂದಲೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪಡೆಯಬೇಕು. ಹೈನುಗಾರಿಕೆಯ ಮಾರ್ಗಸೂಚಿ ಅನ್ವಯವಾಗುವುದು 15 ಅಥವಾ ಅದಕ್ಕಿಂತ ಹೆಚ್ಚು ದನ, ಎಮ್ಮೆಗಳಿರುವ ಕಡೆ. ಸಮ್ಮತಿ ಎರಡು ಹಂತದ್ದು: ಕಟ್ಟುವ ಮೊದಲು ಸ್ಥಾಪನಾ ಸಮ್ಮತಿ, ನಡೆಸುವ ಮೊದಲು ಕಾರ್ಯಾಚರಣೆ ಸಮ್ಮತಿ. ಶೆಡ್ಡು ಎದ್ದ ಮೇಲೆ ಮೊದಲನೆಯದಕ್ಕೆ ಅರ್ಜಿ ಹಾಕುವುದೆಂದರೆ, ಜಾಗ ತಪ್ಪಾಗಿದ್ದರೂ ಬದಲಿಸಲಾಗದ ಸ್ಥಿತಿಗೆ ನಾವೇ ಬಂದು ನಿಂತಂತೆ.

ಕೋಳಿ ಫಾರಂ ಜನವಸತಿಯಿಂದ 500 ಮೀಟರ್, ನದಿ, ಹಳ್ಳ, ಕಾಲುವೆಯಂತಹ ನೀರಿನ ಹರಿವಿನಿಂದ 100 ಮೀಟರ್, ಕುಡಿಯುವ ನೀರಿನ ಮೂಲದಿಂದ 100 ಮೀಟರ್ ದೂರವಿರಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಈ ಮೂರರಲ್ಲಿ ನಮ್ಮ ಭಾಗದವರು ಅತಿ ಗಂಭೀರವಾಗಿ ತೆಗೆದುಕೊಳ್ಳಬೇಕಾದದ್ದು ಕುಡಿಯುವ ನೀರಿನ ಮೂಲದಿಂದ ಇರಬೇಕಾದ ದೂರವನ್ನು ಎಂದು ನಾನು ನಂಬಿದ್ದೇನೆ. ತುಂಗಭದ್ರಾ ಎಡದಂಡೆ ಕಾಲುವೆಯ ಆಸರೆಯಲ್ಲಿರುವ ಬಹಳಷ್ಟು ಊರುಗಳು ಕಾಲುವೆಗೆ ನೀರು ಬಿಟ್ಟಾಗ ಕೆರೆ ತುಂಬಿಸಿಕೊಂಡು ಬೇಸಿಗೆಯುದ್ದಕ್ಕೂ ಅದನ್ನೇ ಕುಡಿಯುತ್ತವೆ. ಉಪಕಾಲುವೆಯ ಏರಿಗೆ ಅಂಟಿಸಿ ಶೆಡ್ಡು ಹಾಕಿದರೆ ತೊಳೆದ ನೀರು ಹರಿದು ಸೇರುವುದು ಯಾರದೋ ಕೊಡವನ್ನೇ. 2022ರಲ್ಲಿ ಕಲುಷಿತ ನೀರು ಕುಡಿದು ರಾಯಚೂರು ನಗರದಲ್ಲಿ ಜನ ಸತ್ತದ್ದನ್ನು ನಾವಾರೂ ಮರೆತಿಲ್ಲ. ಆ ದುರಂತವನ್ನು ಸಾಕಣೆದಾರರ ತಲೆಗೆ ಕಟ್ಟುವುದು ಅನ್ಯಾಯ. ಆದರೆ ಕುಡಿಯುವ ನೀರು ಕೆಟ್ಟರೆ ಏನಾಗುತ್ತದೆ ಎಂಬುದನ್ನು ಈ ಭಾಗಕ್ಕೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಇದರ ಜೊತೆಗೆ ನಮ್ಮ ಮಣ್ಣಿನ ಗುಣವನ್ನೂ ಗಮನಿಸಬೇಕು. ಹಸಿಯಾದ ಎರೆ ಮಣ್ಣು ನೀರನ್ನು ಸುಲಭವಾಗಿ ಕೆಳಗೆ ಬಿಡುವುದಿಲ್ಲ ಎಂಬ ಧೈರ್ಯದಿಂದ ಹಲವರು ಹೊಲದ ಮೂಲೆಯಲ್ಲಿ ಒಂದು ಗುಂಡಿ ತೋಡಿ, ಗಚ್ಚು ಇಲ್ಲದೆ, ಗಂಜಲವನ್ನು ಅದಕ್ಕೆ ಬಿಡುತ್ತಾರೆ. ಏಪ್ರಿಲ್ ತಿಂಗಳಲ್ಲಿ ಅದೇ ಹೊಲಕ್ಕೆ ಹೋಗಿ ನೋಡಿದರೆ ಕೈ ಇಳಿಯುವಷ್ಟು ಅಗಲದ ಬಿರುಕುಗಳು ಗುಂಡಿಯ ಅಂಚಿನಿಂದಲೇ ಹೊರಟಿರುತ್ತವೆ, ಅವುಗಳ ಒಳಬದಿ ಕಪ್ಪಗೆ ಒದ್ದೆಯಾಗಿ ನಾರುತ್ತಿರುತ್ತದೆ. ಮುಂಗಾರಿನ ಮೊದಲ ಮಳೆ ಬಿದ್ದು ಬಿರುಕು ಮುಚ್ಚಿಕೊಳ್ಳುವುದರೊಳಗೆ ಆ ರಸವೆಲ್ಲ ಆಳಕ್ಕೆ ಇಳಿದುಹೋಗಿರುತ್ತದೆ. ಗಂಜಲದ ಸಾರಜನಕ ಮಣ್ಣಿನಲ್ಲಿ ಮಾರ್ಪಟ್ಟು ಆಗುವ ನೈಟ್ರೇಟ್ ಎಂಬ ಲವಣ ಬೋರಿನ ನೀರಿನಲ್ಲಿ ಹೆಚ್ಚಾಗುವ ಒಂದು ದಾರಿ ಇದು. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಹಸುಗೂಸುಗಳಲ್ಲಿ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಇದು ಕುಗ್ಗಿಸುತ್ತದೆ. ಆದ್ದರಿಂದ ಕೊಟ್ಟಿಗೆಗೆ ಶಹಾಬಾದ್ ಕಲ್ಲು ಹಾಸುವ ಖರ್ಚಿನಲ್ಲಿ ಸ್ವಲ್ಪ ಉಳಿಸಿಯಾದರೂ ಗಂಜಲದ ತೊಟ್ಟಿಗೆ ಸಿಮೆಂಟಿನ ತಳ ಹಾಕಿಸಿ.

ಪ್ರಮಾಣವನ್ನೂ ಮೊದಲೇ ಲೆಕ್ಕ ಹಾಕಬೇಕು. ಸುಮಾರು 400 ಕಿಲೋ ತೂಕದ ಒಂದು ಹಸು ದಿನಕ್ಕೆ 15ರಿಂದ 20 ಕಿಲೋ ಸಗಣಿ ಹಾಕುತ್ತದೆ. ಇಪ್ಪತ್ತು ಹಸುಗಳೆಂದರೆ ದಿನವೂ 300ರಿಂದ 400 ಕಿಲೋ. ಮೊಟ್ಟೆ ಕೋಳಿಯೊಂದು ಹಾಕುವುದು ದಿನಕ್ಕೆ ಸುಮಾರು 100 ಗ್ರಾಂ ಆದರೂ, ಹತ್ತು ಸಾವಿರ ಕೋಳಿಗಳಿದ್ದಲ್ಲಿ ಅದು ಒಂದು ಟನ್ ಆಗುತ್ತದೆ. ಗೂಡುಗಳ ಕೆಳಗೆ ಅದು ಒಣಗಿ ಕೂತಿರುವವರೆಗೆ ತೊಂದರೆ ಕಡಿಮೆ. ಕುಡಿಯುವ ನೀರಿನ ನಿಪ್ಪಲ್ ಒಂದು ಸೋರಿದರೂ ಸಾಕು, ಅದರ ಕೆಳಗಿನ ರಾಶಿ ಹಸಿಯಾಗಿ, ಹುಳು ಬಿದ್ದು, ಬೇಸಿಗೆಯಲ್ಲಿ ಒಂದು ವಾರ, ಹತ್ತು ದಿನದೊಳಗೆ ಊರಿಗೆಲ್ಲ ನೊಣ ಹರಡುತ್ತದೆ. ಹಾಗಾಗಿ ಪೈಪಿನ ಸೋರಿಕೆಯನ್ನು ದಿನವೂ ನೋಡುವ ಆಳು ನೊಣದ ಔಷಧಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತಾನೆ.

ಕೋಳಿ ಗೊಬ್ಬರ ಕೊಳ್ಳುವವರಿಗೂ ಜವಾಬ್ದಾರಿ ಇದೆ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ನೂರಕ್ಕೆ ಅರ್ಧ ಭಾಗದಷ್ಟಿದ್ದರೆ ಕೋಳಿ ಗೊಬ್ಬರದಲ್ಲಿ ಹತ್ತಿರ ಹತ್ತಿರ ಮೂರು ಭಾಗ ಇರುತ್ತದೆ. ಭತ್ತದ ಗದ್ದೆಯವರು ಲೋಡುಗಟ್ಟಲೆ ತರಿಸುವುದು ಈ ಕಾರಣಕ್ಕೇ. ತಾಡಪತ್ರಿ ಹೊದಿಸದೆ ತಂದು, ಕಾಲುವೆ ರಸ್ತೆಯ ಅಂಚಿಗೆ ಸುರುವಿ, ಹರಗುವವರೆಗೆ ವಾರಗಟ್ಟಲೆ ಬಿಡುವುದರಿಂದ ಸಾರಜನಕದ ಒಂದಷ್ಟು ಭಾಗ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ, ಮತ್ತಷ್ಟು ಮಳೆಗೆ ತೊಳೆದು ಬಸಿಗಾಲುವೆಗೆ ಸೇರುತ್ತದೆ. ರೊಕ್ಕ ಕೊಟ್ಟು ತಂದ ಗೊಬ್ಬರವನ್ನು ಹೀಗೆ ಕಳೆದುಕೊಳ್ಳುವುದು ರೈತನಿಗೂ ನಷ್ಟ.

ಎರಡು ಎಮ್ಮೆ, ಒಂದು ಜೋಡಿ ಎತ್ತು ಇರುವ ಮನೆಗಳನ್ನು ಸಮ್ಮತಿಯಿಂದ ಹೊರಗಿಟ್ಟದ್ದು ಸರಿಯೇ. ಅಂಥವರನ್ನು ಕಚೇರಿಗೆ ಅಲೆಸುವುದರಲ್ಲಿ ಅರ್ಥವಿಲ್ಲ. ಆದರೆ ಊರಿನ ಅಂಚಿನಲ್ಲಿ, ಶಾಲೆಗೆ ಹೋಗುವ ದಾರಿಯ ಎರಡೂ ಬದಿಗೆ ಸಾಲಾಗಿ ಬಿದ್ದಿರುವ ತಿಪ್ಪೆಗಳನ್ನು ಒಟ್ಟು ಮಾಡಿದರೆ ದೊಡ್ಡ ಡೇರಿಯೊಂದರ ತ್ಯಾಜ್ಯಕ್ಕಿಂತ ಕಡಿಮೆಯಾಗುವುದಿಲ್ಲ. ಅದಕ್ಕೆ ಉತ್ತರ ಗ್ರಾಮ ಪಂಚಾಯಿತಿಯ ಬಳಿ ಇದೆ. ಊರ ನೈರ್ಮಲ್ಯ ಪಂಚಾಯಿತಿಯ ಕರ್ತವ್ಯ. ಉಪದ್ರವ ಮಿತಿಮೀರಿದಲ್ಲಿ ಅದನ್ನು ತೆರವು ಮಾಡಿಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಲ್ಲಿ ದಂಡಾಧಿಕಾರಿಗೆ ಅಧಿಕಾರವಿದೆ. ಆದರೂ ನೆರೆಹೊರೆಯವರ ನಡುವೆ ಆ ದಾರಿ ಹಿಡಿಯುವುದಕ್ಕಿಂತ ಮೊದಲು ಊರಿನ ಇಳಿಜಾರಿನ ಕೆಳಭಾಗದಲ್ಲಿ, ಕೆರೆಗೆ ದೂರವಾಗಿ, ತಿಪ್ಪೆಗಳಿಗೆಂದೇ ಒಂದು ಜಾಗ ಗುರುತಿಸುವುದು ಒಳ್ಳೆಯದು. ಸ್ವಚ್ಛ ಭಾರತ ಅಭಿಯಾನದ ಗೋಬರ್‌ಧನ್ ಯೋಜನೆಯಲ್ಲಿ ಸಮುದಾಯ ಗೋಬರ್ ಗ್ಯಾಸ್ ಘಟಕಗಳಿಗೂ ನೆರವು ಇದೆ.

ಕುರಿ ಹಿಂಡಿನವರನ್ನು ಕರೆಸಿ ಹೊಲದಲ್ಲಿ ಕುರಿ ತರುಬಿಸುವ ನಮ್ಮ ರೂಢಿಯಲ್ಲಿ ಹಿಕ್ಕೆಯೂ ಮೂತ್ರವೂ ಬೇಕಾದಲ್ಲೇ ಬಿದ್ದು, ಸಾಗಣೆಯ ಖರ್ಚಿಲ್ಲದೆ ಮಣ್ಣಿಗೆ ಸೇರುತ್ತವೆ. ಅದಕ್ಕೆ ಯಾವ ಅನುಮತಿಯೂ ಬೇಕಾಗದು. ಒಂದೇ ಜಾಗದಲ್ಲಿ ಹೆಚ್ಚು ಜೀವಗಳನ್ನು ಕಟ್ಟಿಹಾಕಿದಾಗ ಮಾತ್ರ ನಿಯಮ ಅನಿವಾರ್ಯವಾಗುತ್ತದೆ.

ಆದುದರಿಂದ ಹೊಸದಾಗಿ ಆರಂಭಿಸುವವರು ಬ್ಯಾಂಕಿಗೆ ಹೋಗುವ ಮೊದಲು ಪಹಣಿ ಮತ್ತು ಸರ್ವೆ ನಕ್ಷೆ ಹಿಡಿದು ಜಾಗದ ಸುತ್ತ ನಡೆದು, ಹತ್ತಿರದ ಕೆರೆ, ಬಾವಿ, ಉಪಕಾಲುವೆ ಎಷ್ಟು ದೂರ, ಮಳೆ ನೀರು ಯಾವ ಕಡೆ ಹರಿಯುತ್ತದೆ ಎಂಬುದನ್ನು ನಕ್ಷೆಯ ಮೇಲೆ ಗುರುತು ಮಾಡಿಕೊಳ್ಳಬೇಕು. ಜಾಗ ಹೊಂದುವುದಿಲ್ಲ ಎಂದು ಕಂಡರೆ ಅಡಿಪಾಯ ತೆಗೆಯುವ ಮೊದಲೇ ಇನ್ನೊಂದು ತುಂಡು ಹೊಲ ನೋಡಿಕೊಳ್ಳಿ. ಹೊಂದುತ್ತದೆ ಎಂದಾದರೆ ಅದೇ ನಕ್ಷೆಯನ್ನು ಸ್ಥಾಪನಾ ಸಮ್ಮತಿಯ ಅರ್ಜಿಯ ಜೊತೆಗೆ ಕೊಡಿ.