ಬಿಯರ್ ತುಟ್ಟಿಯಾದರೆ ಮೊದಲು ಸೊರಗುವುದು ಅಡುಗೆಮನೆ

ದಾವಣಗೆರೆಯ ಪಿ.ಬಿ. ರಸ್ತೆಯ ಬಾರ್ ಅಂಡ್ ರೆಸ್ಟೋರೆಂಟ್ ಒಂದರಲ್ಲಿ ನಾನು ಮ್ಯಾನೇಜರ್. ಬಿಲ್ ಕೈಗೆ ಬಂದಾಗ ಗ್ರಾಹಕರು ಪದೇ ಪದೇ ಕೇಳುವುದು ಇದನ್ನೇ: ಊಟಕ್ಕೆ ಜಿಎಸ್‌ಟಿ ಹಾಕಿದ್ದೀರಿ, ಬಿಯರ್‌ಗೆ ಹಾಕಿಲ್ಲ, ಆದರೂ ಅದು ಯಾಕೆ ಇಷ್ಟು ತುಟ್ಟಿ?

ಮದ್ಯ ಜಿಎಸ್‌ಟಿ ವ್ಯಾಪ್ತಿಗೆ ಬರುವುದಿಲ್ಲ, ಅದರ ತೆರಿಗೆ ರಾಜ್ಯ ಸರ್ಕಾರದ್ದು. ಊಟದ ಶೇ 5 ಬಿಲ್ಲಿನಲ್ಲಿ ಕಣ್ಣಿಗೆ ಬೀಳುತ್ತದೆ. ಮದ್ಯದ ಮೇಲಿನ ರಾಜ್ಯದ ತೆರಿಗೆ, ಅಂದರೆ ಅಬಕಾರಿ ಸುಂಕ, ಬಾಟಲಿಯ ಬೆಲೆಯೊಳಗೇ ಸೇರಿಕೊಂಡು ಬರುತ್ತದೆ. ನಾವು ಸರಕು ಕೊಳ್ಳಬೇಕಾದದ್ದು ಕರ್ನಾಟಕ ರಾಜ್ಯ ಪಾನೀಯ ನಿಗಮದ ಡಿಪೊದಿಂದ. ಮೊದಲು ಹಣ ಕಟ್ಟಬೇಕು, ಆಮೇಲೆ ಸರಕು. ತರಕಾರಿಯವನ ಹಾಗೆ ವಾರದ ಲೆಕ್ಕ ಬರೆದುಕೊಳ್ಳುವವರು ಅಲ್ಲಿ ಯಾರೂ ಇಲ್ಲ. ಆದ್ದರಿಂದ ಸುಂಕ ಏರಿದ ದಿನವೇ ನಮ್ಮ ಬಂಡವಾಳವೂ ಹೆಚ್ಚಬೇಕಾಗುತ್ತದೆ.

2023ರ ಜುಲೈ ಬಜೆಟ್‌ನಲ್ಲಿ ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ ಶೇ 175ರಿಂದ 185ಕ್ಕೆ ಏರಿತು. 2025ರ ಜನವರಿಯಲ್ಲಿ ಶೇ 195 ಆಯಿತು, ಅದೇ ವರ್ಷ ಮೇ ತಿಂಗಳಲ್ಲಿ ಶೇ 200. ನಡುವೆ 2024ರ ಆಗಸ್ಟ್‌ನಲ್ಲಿ, ಮದ್ಯದ ಬೆಲೆಗೆ ತಕ್ಕಂತೆ ಸುಂಕ ಹಾಕುವ ಸ್ಲ್ಯಾಬ್‌ಗಳನ್ನು (ಹಂತಗಳನ್ನು) 18ರಿಂದ 16ಕ್ಕೆ ಇಳಿಸಿದಾಗ ದುಬಾರಿ ವಿಸ್ಕಿಗಳು ಅಗ್ಗವಾದವು. ದುಬಾರಿ ಬ್ರ್ಯಾಂಡ್ ಅಗ್ಗ, ಬಿಯರ್ ತುಟ್ಟಿ! ದುಡಿದು ಬಂದು ಒಂದು ಬಿಯರ್ ಕುಡಿದು ಮನೆಗೆ ಹೋಗುತ್ತಿದ್ದವನನ್ನು ಇದು ಬಿಯರ್‌ಗಿಂತ ಗಟ್ಟಿ ಮದ್ಯದ ಕ್ವಾರ್ಟರ್ ಬಾಟಲಿಯ ಕಡೆಗೆ ತಳ್ಳುತ್ತದೆ. ನನ್ನ ಮಟ್ಟಿಗೆ ಇದು ಸರಿಯಾದ ನೀತಿಯಲ್ಲ.

ಜನವರಿಯ ಏರಿಕೆಯ ವಾರ ಅಡಿಕೆ ವ್ಯಾಪಾರದ ಗೆಳೆಯರ ಗುಂಪೊಂದು ಎಂದಿನಂತೆ ಬಂದಿತ್ತು. ಅವರಲ್ಲಿ ಹಿರಿಯರು ರೇಟ್ ಕಾರ್ಡ್ ನೋಡಿ, "ಏನು ಸ್ವಾಮಿ, ಹೋದ ವಾರ ಇದ್ದ ರೇಟು ಈ ವಾರ ಇಲ್ಲವಲ್ಲ" ಎಂದರು. "ಯಜಮಾನರೇ, ಇದು ನಾವು ಏರಿಸಿದ್ದಲ್ಲ" ಎಂದು ಡಿಪೊದ ಇನ್‌ವಾಯ್ಸ್ ತಂದು ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಜಗಳವಾಗಲಿಲ್ಲ. ಬಿಯರನ್ನು ಅಷ್ಟೇ ತರಿಸಿದರು, ಆದರೆ ಪ್ರತಿಸಲ ತರಿಸುತ್ತಿದ್ದ ಚಿಕನ್ ಕಬಾಬ್ ಮತ್ತು ಬಿರಿಯಾನಿ ಬದಲು ಆ ದಿನ ಎರಡು ಪ್ಲೇಟ್ ಶೇಂಗಾ ಮಸಾಲೆ ಮಾತ್ರ.

ಅದೇ ಆ ತಿಂಗಳು ಪೂರ್ತಿ ನಡೆಯಿತು. ಜೇಬಿನಲ್ಲಿರುವ ದುಡ್ಡು ಅಷ್ಟೇ; ಬಾಟಲಿ ಹೆಚ್ಚು ತಿಂದರೆ ತಟ್ಟೆಗೆ ಕಡಿಮೆ ಉಳಿಯುತ್ತದೆ. ನಮ್ಮ ಲಾಭ ಇರುವುದು ತಟ್ಟೆಯಲ್ಲಿ, ಭಟ್ಟರ ಸಂಬಳ ಹುಟ್ಟುವುದೂ ಅಲ್ಲಿಂದಲೇ. ಇನ್ನೂ ಕೆಲವರು ನಮ್ಮಲ್ಲಿಗೆ ಬರುವುದನ್ನೇ ಬಿಟ್ಟು ಎಂಆರ್‌ಪಿ ಅಂಗಡಿಗೆ ಹೋದರು. ಅಲ್ಲಿ ಕೂತು ಕುಡಿಯುವಂತಿಲ್ಲ. ಬಾಟಲಿ ಹಿಡಿದು ಊರಾಚೆಯ ಖಾಲಿ ಲೇಔಟ್‌ಗಳಿಗೆ ಹೋಗುತ್ತಾರೆ. ಬೆಳಿಗ್ಗೆ ಅಲ್ಲಿ ವಾಕಿಂಗ್ ಹೋಗುವವರ ಕಾಲಿಗೆ ಗಾಜು ಚುಚ್ಚುತ್ತದೆ.

ನಾವು ಮಾಡಿದ್ದು ಇಷ್ಟು: ಕಬಾಬ್‌ಗೆ ಅರ್ಧ ಪ್ಲೇಟ್ ತಂದೆವು. ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯನ್ನು ಕಾರ್ಡಿನ ಮೊದಲ ಪುಟಕ್ಕೆ ಹಾಕಿದೆವು. ದಾವಣಗೆರೆಯವರಿಗೆ ಅದನ್ನು ಬೇಡ ಎನ್ನುವುದು ಕಷ್ಟ. ಸಪ್ಲೈಯರ್ ಹುಡುಗರು ಬಾಟಲಿ ತೆರೆಯುವ ಮೊದಲು ಹೊಸ ಬೆಲೆ ಹೇಳಲೇಬೇಕು ಎಂದು ಕಟ್ಟುನಿಟ್ಟು ಮಾಡಿದೆ. ಈಗ ಸುಂಕದ ಆದೇಶ ಬಂದರೆ ಮದ್ಯದ ರೇಟ್ ತಿದ್ದುವುದಕ್ಕೂ ಮುನ್ನ ಭಟ್ಟರನ್ನು ಕೂರಿಸಿಕೊಂಡು ಊಟದ ಕಾರ್ಡ್ ನೋಡುತ್ತೇನೆ.