ಮಿಣುಕುವ ಟ್ಯೂಬ್‌ಲೈಟು ಮತ್ತು ಚಾವಡಿಯ ಅಡಿಕೆ

ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮಲ್ಲಿ ಸಂಜೆ ಅಂದ್ರೆ ಚಾವಡಿಯಲ್ಲಿ ಅಡಿಕೆ ಸುಲಿಯುದು. ಹೊರಗೆ ಮಳೆ ಬಿಡುದಿಲ್ಲ, ಅಂಗಳಕ್ಕೆ ಇಳಿಯುವ ಹಾಗಿಲ್ಲ, ಬೇಸಗೆಯಲ್ಲಿ ಒಣಗಿಸಿ ಅಟ್ಟಕ್ಕೆ ಹಾಕಿದ ಗೋಣಿ ಒಂದೊಂದೇ ಇಳಿಸಿ ಅಮ್ಮ, ನಾನು, ಒಮ್ಮೊಮ್ಮೆ ಆಚೆಮನೆ ಅಕ್ಕ ಕೂತುಕೊಳ್ತೇವೆ. ಬೆಳಕು ಅಂತ ಇರುದು ಗೋಡೆ ಮೇಲಿನ 4 ಅಡಿ ಟ್ಯೂಬ್‌ಲೈಟು ಒಂದೇ. ಅದು ಈ ಸಲ ಮಿಣುಕ್ಲಿಕ್ಕೆ ಶುರು ಮಾಡಿತು. ಕತ್ತಿಯ ಬಾಯಿ ಮೇಲೆ ಕಣ್ಣಿಟ್ಟು ಮಾಡುವ ಕೆಲ್ಸ, ಬೆಳಕು ಹೋಗಿ ಬಂದು ಹೋಗಿ ಬಂದು ಮಾಡಿದ್ರೆ ಬೆರಳು ಎಲ್ಲಿ ಉಂಟು ಕತ್ತಿ ಎಲ್ಲಿ ಉಂಟು ಗೊತ್ತಾಗುದಿಲ್ಲ. ಮೂರನೇ ದಿನ ಅಮ್ಮನ ಹೆಬ್ಬೆರಳಿಗೆ ತಾಗಿಯೇ ತಾಗಿತು. "ಒಮ್ಮೆ ಅದನ್ನು ಸರಿ ಮಾಡು ಮಾರಾಯ, ಇಲ್ಲದಿದ್ರೆ ಆಫ್ ಮಾಡು, ನಾನು ದೀಪ ಇಟ್ಟುಕೊಳ್ತೇನೆ" ಅಂದ್ರು.

ಎಲ್ಲರೂ ಮಾಡುವ ಹಾಗೆ ಮೊದ್ಲು ಬದಿಯಡ್ಕ ಪೇಟೆಗೆ ಹೋಗಿ ಸ್ಟಾರ್ಟರ್ ತಂದೆ. ಎರಡು ದಿನ ಸರಿ ಇತ್ತು, ಮತ್ತೆ ಅದೇ. ಟ್ಯೂಬಿಗೆ ವಯಸ್ಸಾಯ್ತು ಅಂದುಕೊಂಡು ಹೊಸ ಟ್ಯೂಬು ಹಾಕಿದೆ, ಅದೂ ಎರಡು ದಿನ. ಇನ್ನು ಚೋಕ್, ಅಂದ್ರೆ ಟ್ಯೂಬಿಗೆ ಕರೆಂಟು ಹೋಗುವ ದಾರಿಯಲ್ಲಿರುವ ತಾಮ್ರದ ಸುರುಳಿ, ಬದಲಿಸುವಾ ಅಂತ ಹೊರಟವ ಒಂದು ಗಳಿಗೆ ನಿಂತೆ. ಎರಡು ಸಲವೂ ಎರಡೇ ದಿನ ಯಾಕೆ?

ಇದು ಉರಿಯುವ ಕ್ರಮ ಗೊತ್ತಿದ್ರೆ ತಪ್ಪು ಹುಡುಕ್ಲಿಕ್ಕೆ ಸುಲಭ. ಸ್ಟಾರ್ಟರಿನ ಡಬ್ಬಿ ಒಳಗೆ ಗ್ಯಾಸ್ ತುಂಬಿದ ಸಣ್ಣ ಗಾಜಿನ ಬುರುಡೆ ಉಂಟು, ಅದರಲ್ಲಿ ಎರಡು ಲೋಹ ಸೇರಿಸಿ ಮಾಡಿದ ಪಟ್ಟಿ. ಸ್ವಿಚ್ ಹಾಕಿದಾಗ ಗ್ಯಾಸ್ ಹೊಳೆದು ಪಟ್ಟಿ ಬಿಸಿಯಾಗಿ ಬಾಗಿ ತಾಗ್ತದೆ, ಆಗ ಕರೆಂಟು ಟ್ಯೂಬಿನ ಎರಡೂ ತುದಿಯ ಫಿಲಮೆಂಟಿನಲ್ಲಿ ಹರಿದು ಅದು ಕಾಯ್ತದೆ, ಪಟ್ಟಿ ತಾಗಿದ ಕೂಡ್ಲೆ ಹೊಳಪು ನಿಂತು ತಣಿದು ಬಿಟ್ಟುಕೊಳ್ತದೆ, ಆ ಬಿಡುವ ಕ್ಷಣಕ್ಕೆ ಚೋಕ್ ನೂರಾರು ವೋಲ್ಟಿನ ಒಂದು ಏಟು ಕೊಡ್ತದೆ, ಟ್ಯೂಬು ಹತ್ತಿಕೊಳ್ತದೆ. ಹತ್ತಿದ ಮೇಲೆ ಸ್ಟಾರ್ಟರಿಗೆ ಕೆಲ್ಸ ಇಲ್ಲ. ಆದ್ರೆ ಟ್ಯೂಬಿಗೆ ಕರೆಂಟು ಬರುವ ದಾರಿಯಲ್ಲಿ ಎಲ್ಲಿ ತಪ್ಪಿದ್ರೂ ಟ್ಯೂಬು ಆರಿ, ಪುನಃ ಮೊದ್ಲಿಂದ ಶುರು.

ಹಾಗಾಗಿ ಹೇಗೆ ಮಿಣುಕ್ತದೆ ಅಂತ ನೋಡ್ಬೇಕು. ಎರಡು ತುದಿ ಮಾತ್ರ ಕೆಂಪಗೆ ಹೊಳೆದು ನಡು ಹತ್ತದೆ ಇದ್ರೆ ಸ್ಟಾರ್ಟರ್ ಒಳಗೆ ಅಂಟಿಕೊಂಡಿರ್ತದೆ, ಬದಲಿಸಿದ್ರೆ ಆಯ್ತು. ತುದಿ ಕಪ್ಪಾಗಿ ಹತ್ತಿ ಆರಿ ಹತ್ತಿ ಆರಿ ಮಾಡಿದ್ರೆ ಟ್ಯೂಬಿನದ್ದೇ ಆಯುಷ್ಯ ಮುಗಿದದ್ದು, ಅದನ್ನು ಹಾಗೇ ಬಿಟ್ರೆ ಹೊಸ ಸ್ಟಾರ್ಟರನ್ನೂ ತಿಂದು ಹಾಕ್ತದೆ. ಬೇಸಗೆಯಲ್ಲಿ ತೋಟಕ್ಕೆ ನೀರು ಬಿಡುವ ಹೊತ್ತು, ಊರಿನ ಪಂಪೆಲ್ಲ ತಿರುಗುವಾಗ ಮಾತ್ರ ಹತ್ತುದಿಲ್ಲ ಅಂದ್ರೆ ವೋಲ್ಟೇಜ್ ಕಮ್ಮಿ.

ನಮ್ಮದು ಇದ್ಯಾವುದೂ ಅಲ್ಲ. ಗಾಳಿಗೆ ಬಾಗಿಲು ದಡಕ್ ಅಂದ್ರೂ ಒಮ್ಮೆ ಆರ್ತದೆ, ಎಡದ ತುದಿಯಲ್ಲಿ ಚಿರ್ ಅಂತ ಸಣ್ಣ ಶಬ್ದ. ಆಗ ನೆನಪಾಯ್ತು, ಟ್ಯೂಬು ಕೂರಿಸುವ ನಮ್ಮ ಹಳೆ ಪಟ್ಟಿಯಲ್ಲಿ ಸ್ಟಾರ್ಟರ್ ತೆಗಿಬೇಕಾದ್ರೂ ಟ್ಯೂಬು ಕಳಚ್ಬೇಕು. ಅಂದ್ರೆ ಎರಡು ಸಲವೂ ನಾನು ಟ್ಯೂಬು ತಿರುಗಿಸಿದ್ದೇನೆ, ತಿರುಗಿಸುವಾಗ ಟ್ಯೂಬಿನ ತುದಿಯ ಪಿನ್ನು ಉಜ್ಜಿ ಎರಡು ದಿನಕ್ಕೆ ಆಗುವಷ್ಟು ಕಾಂಟ್ಯಾಕ್ಟ್ ಸಿಕ್ಕಿದೆ!

ಮರುದಿನ ಹಗಲೇ ಮೈನ್ ಸ್ವಿಚ್ ಆಫ್ ಮಾಡಿ ಮರದ ಸ್ಟೂಲಿಗೆ ಹತ್ತಿದೆ. ಬರೀ ಲೈಟಿನ ಸ್ವಿಚ್ ಆಫ್ ಮಾಡಿದ್ರೆ ಸಾಲದು, ಹಳೆ ವೈರಿಂಗಿನಲ್ಲಿ ಸ್ವಿಚ್ಚು ಕರೆಂಟು ಹಿಂದೆ ಹೋಗುವ ನ್ಯೂಟ್ರಲ್ ತಂತಿಗೆ ಕೊಟ್ಟದ್ದೂ ಇರ್ತದೆ, ಆಗ ಲೈಟು ಆರಿದ್ರೂ ಪಟ್ಟಿಯಲ್ಲಿ ಫೇಸ್, ಅಂದ್ರೆ ಶಾಕ್ ಹೊಡೆಯುವ ಕರೆಂಟು ಇರ್ತದೆ, ದಯವಿಟ್ಟು ಮೈನೇ ಆಫ್ ಮಾಡಿ, ಮತ್ತೆ ಟೆಸ್ಟರ್ ಇಟ್ಟು ನೋಡಿ. ಅಮ್ಮ ಕೆಳಗಿಂದ ಟಾರ್ಚ್ ಹಿಡಿದ್ರು. ಎಡದ ಹೋಲ್ಡರಿನ ಒಳಗೆ ಪಿನ್ನು ಹಿಡಿಯುವ ಹಿತ್ತಾಳೆಯ ಎರಡು ನಾಲಗೆ, ಒಂದು ಸರಿ ಉಂಟು, ಇನ್ನೊಂದರಲ್ಲಿ ಹಸಿರು ಕಿಲುಬು, ಮೂಲೆಯಲ್ಲಿ ಕಿಡಿ ಹಾರಿ ಕರಟಿದ ಕಪ್ಪು, ಮತ್ತೆ ಬಿಗಿ ಕಳ್ಕೊಂಡು ಹಿಂದೆ ಮಲಗಿಬಿಟ್ಟಿದೆ. ನಮ್ಮ ಮಳೆಗಾಲದ ತೇವ ಗೊತ್ತಲ್ಲ, ಪೆಟ್ಟಿಗೆ ಒಳಗಿನ ಬಟ್ಟೆಗೇ ಬೂಸು ಹಿಡಿತದೆ, ಗೋಡೆ ಮೇಲಿನ ಹಿತ್ತಾಳೆಯನ್ನು ಬಿಡ್ತದಾ? ಕಿಲುಬು ಮಾತ್ರ ಆಗಿದ್ರೆ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿದ್ರೆ ಸಾಕಿತ್ತು, ಕರಟಿದ್ದನ್ನು ಇಟ್ಟುಕೊಳ್ಬಾರ್ದು, ಬಿಸಿಯಾಗ್ತದೆ. ಎರಡೂ ಹೋಲ್ಡರ್ ಹೊಸತು ಹಾಕಿದೆ, ವೈರಿನ ತುದಿ ಕತ್ತರಿಸಿ ಹೊಸ ತಾಮ್ರ ಬಿಡಿಸಿ ಸ್ಕ್ರೂ ಬಿಗಿ ಮಾಡಿದೆ. ಒಂದು ಜೊತೆಗೆ 30 ರೂಪಾಯಿ.

ಇಷ್ಟಕ್ಕೆಲ್ಲ ಯಾಕೆ, ಎಲ್‌ಇಡಿ ಹಾಕು ಅಂತ ತಮ್ಮ ಫೋನಿನಲ್ಲಿ ಹೇಳ್ತಾನೆ. ಹೌದು, 36 ವಾಟಿನ ಟ್ಯೂಬಿನ ಮೇಲೆ ಹಳೆ ತಾಮ್ರದ ಚೋಕ್ ಇನ್ನೂ ಹತ್ತು ವಾಟಿನಷ್ಟು ತಿಂತದೆ, ಪಾದರಸದ ಬಳಕೆ ತಗ್ಗಿಸ್ಲಿಕ್ಕೆ ದೇಶಗಳು ಮಾಡಿಕೊಂಡ ಮಿನಮಾಟ ಒಪ್ಪಂದದ 2023ರ ಜಿನೀವಾ ಸಭೆಯಲ್ಲಿ ಈ ಟ್ಯೂಬುಗಳ ತಯಾರಿಯನ್ನು 2027ರೊಳಗೆ ನಿಲ್ಲಿಸುದು ಅಂತ ತೀರ್ಮಾನವೂ ಆಗಿದೆ. ಚೋಕ್ ಹೋದ ದಿನ ನಾನೂ ಬದಲಿಸ್ತೇನೆ. ಅಲ್ಲಿವರೆಗೆ ಉರಿಯುವ ಟ್ಯೂಬನ್ನು ಕಸಕ್ಕೆ ಹಾಕ್ಲಿಕ್ಕೆ ನನಗೆ ಮನಸ್ಸಿಲ್ಲ, ಒಳಗೆ ಪಾದರಸ ಇರುವ ವಸ್ತು, ತೋಟದ ಬದಿಯಲ್ಲಿ ಒಡೆದು ಬಿಸಾಡಿದ್ರೆ ಹೋಗುದು ನಮ್ಮದೇ ಮಣ್ಣಿಗೆ.

ಹಾಳಾಯ್ತು ಅಂತ ಅಟ್ಟಕ್ಕೆ ಹಾಕಿದ ಹಳೆ ಟ್ಯೂಬನ್ನು ಇಳಿಸಿ, ಪಿನ್ನು ಒರೆಸಿ ದನದ ಹಟ್ಟಿಯಲ್ಲಿ ಹಾಕಿ ನೋಡಿದೆ. ಒಂದೇ ಸಲಕ್ಕೆ ಹತ್ತಿತು, ವಾರ ಆಯ್ತು, ಉರಿತಾ ಉಂಟು.