ಹಂಚಿನ ಮುದ್ರೆಗಳ ಸಂಗ್ರಹ: ಈ ಮಳೆಗಾಲದವರೆಗಿನ ಕೆಲಸ

ಹಳೆಯ ಮಂಗಳೂರು ಹಂಚುಗಳ ಮೇಲಿನ ಕಾರ್ಖಾನೆ ಮುದ್ರೆಗಳನ್ನು ಫೋಟೊ ತೆಗೆದು ಎಲ್ಲರಿಗೂ ಸಿಗುವಂತೆ ಅಂತರ್ಜಾಲದಲ್ಲಿ ಇಡುವ ಕೆಲಸ ಒಂದು ಹದಕ್ಕೆ ಬಂದಿದೆ. ಉಡುಪಿ, ಕಲ್ಯಾಣಪುರ, ಬಾರಕೂರು ಕಡೆ ಹಳೆಯ ಮನೆ ಕೆಡವಿ ತಾರಸಿ ಮನೆ ಕಟ್ಟುವವರು ಹಂಚುಗಳನ್ನು ಕಾಂಪೌಂಡಿನ ಬದಿಗೆ ಪೇರಿಸಿಟ್ಟಿರುತ್ತಾರೆ. ಕೇಳಿದರೆ ಬೇಡ ಎನ್ನುವವರು ಕಡಿಮೆ. ಬೆಳಗಿನ ಓರೆ ಬಿಸಿಲಿನಲ್ಲಿ ಹಿಡಿದರೆ ಉಬ್ಬಕ್ಷರಗಳು ನೆರಳು ಚೆಲ್ಲಿ ಎದ್ದು ಕಾಣುತ್ತವೆ. ನಡು ಮಧ್ಯಾಹ್ನ ತೆಗೆದರೆ ಬರೀ ಕೆಂಪು ಮಣ್ಣು. ಫ್ಲ್ಯಾಶ್ ಅಂತೂ ಬೇಡವೇ ಬೇಡ.

ತೆಗೆದ ಮೇಲೆ ಎಲ್ಲಿ ಇಡುವುದು ಎಂಬುದೇ ದೊಡ್ಡ ಪಾಠವಾಯಿತು. ಗೂಗಲ್ ಫೋಟೋಸ್ ಮನೆಯವರಿಗೆ ತೋರಿಸಲು ಸಾಕು. ಆದರೆ 2021ರ ಜೂನ್‌ನಿಂದ ಅಲ್ಲಿ ಹಾಕಿದ್ದೆಲ್ಲ 15 ಜಿಬಿ ಉಚಿತ ಜಾಗದ ಲೆಕ್ಕಕ್ಕೇ ಸೇರುತ್ತದೆ. ಜಿಮೇಲ್‌ಗೂ ಅದೇ ಜಾಗ. ಫೋಟೊ ಹಂಚುವ ತಾಣವಾದ ಫ್ಲಿಕರ್ 2004ರಷ್ಟು ಹಳೆಯದು, ಯಾಹೂ ಕೈಯಿಂದ 2018ರಲ್ಲಿ ಸ್ಮಗ್‌ಮಗ್ ಎಂಬ ಕಂಪನಿಯ ಕೈಗೆ ಬಂದದ್ದು. ಉಚಿತ ಖಾತೆಗೆ ಸಾವಿರ ಫೋಟೊಗಳ ಮಿತಿ ಇದೆ. ನನ್ನ ಸಂಗ್ರಹಕ್ಕೆ ಅದು ಧಾರಾಳ. ಆಲ್ಬಮ್ ಜೋಡಿಸಲು ಇದರಷ್ಟು ಸೊಗಸಾದದ್ದು ನನಗೆ ಸಿಕ್ಕಿಲ್ಲ, ಹಾಗಾಗಿ ಬೆಳಕು ಚೆನ್ನಾಗಿ ಬಿದ್ದ ಚಿತ್ರಗಳು ಅಲ್ಲಿಗೆ ಹೋಗುತ್ತಿವೆ. ಮೂಲ ಫೈಲುಗಳು ಮಾತ್ರ ಮನೆಯ ಹಾರ್ಡ್ ಡಿಸ್ಕಿನಲ್ಲೇ. ಜಗತ್ತಿನ ಊರೂರಿನ ಚಿತ್ರಗಳಿದ್ದ ಪನೊರಾಮಿಯೊ ಎಂಬ ತಾಣ 2016ರಲ್ಲಿ ಬಾಗಿಲು ಹಾಕಿತು. ಜಾಲತಾಣವನ್ನೇ ಕಪಾಟು ಎಂದು ನಂಬುವ ಧೈರ್ಯ ನನಗಿಲ್ಲ.

ಮಾಹಿತಿಯೇ ಮುಖ್ಯವಾದ ಚಿತ್ರಗಳು ವಿಕಿಮೀಡಿಯ ಕಾಮನ್ಸ್‌ಗೆ, ಅಂದರೆ ವಿಕಿಪೀಡಿಯಕ್ಕೆ ಚಿತ್ರ ಒದಗಿಸುವ ಮುಕ್ತ ಭಂಡಾರಕ್ಕೆ. ಅಲ್ಲಿ ವಾಣಿಜ್ಯ ಬಳಕೆ ಬೇಡ ಎಂಬ ಷರತ್ತು ಹಾಕುವಂತಿಲ್ಲ. ಹೆಸರು ಹೇಳಿ ಯಾರು ಬೇಕಾದರೂ, ಹಣಕ್ಕೂ ಸಹ, ಬಳಸಬಹುದು. ಬದಲಾಯಿಸಿ ಹಂಚಿದರೆ ಅದೇ ಪರವಾನಗಿಯಲ್ಲಿ ಹಂಚಬೇಕು. ನಾನು ಆರಿಸಿದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ತಿರುಳು ಇಷ್ಟು. ಒಮ್ಮೆ ಕೊಟ್ಟರೆ ಹಿಂದಕ್ಕೆ ಪಡೆಯಲಾಗದು. ನೆಂಟರೊಬ್ಬರು ‘ನಿಮ್ಮ ಫೋಟೊ ಹಾಕಿ ಯಾರೋ ಕ್ಯಾಲೆಂಡರ್ ಮಾರಿದರೆ?’ ಎಂದು ಕೇಳಿದರು. ಮಾರಲಿ. ಹಂಚಿನ ಕ್ಯಾಲೆಂಡರ್ ಕೊಳ್ಳುವವರು ಇದ್ದಾರೆ ಎಂದಾದರೆ ನನಗೆ ಸಂತೋಷವೇ.

ಹೆಚ್ಚು ಹೊತ್ತು ಹಿಡಿಯುವುದು ವಿವರಣೆ. ಕ್ಯಾಮೆರಾ ಕೊಟ್ಟ ಅಂಕಿಯ ಹೆಸರು ಹಾಗೇ ಇದ್ದರೆ ಚಿತ್ರ ಇದ್ದೂ ಇಲ್ಲದಂತೆ. ಕಾರ್ಖಾನೆ, ಊರು, ಹಂಚಿನ ಬಗೆ ಎಲ್ಲವೂ ಶೀರ್ಷಿಕೆಯಲ್ಲಿ ಬರಬೇಕು. ವಿವರಣೆಯನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬೇರೆ ಬೇರೆಯಾಗಿ ತುಂಬಬಹುದು. 2014ಕ್ಕೆ ಮೊದಲಿನ ಚಿತ್ರಗಳು ಮಂಗಳೂರಿನ ಹಳೆಯ ಇಂಗ್ಲಿಷ್ ಹೆಸರಾದ ‘ಮ್ಯಾಂಗಲೋರ್’ ಕೆಳಗಿರುವುದರಿಂದ ಎರಡೂ ಹೆಸರನ್ನು ಬರೆಯುತ್ತೇನೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನ ಹಂಚಿನ ಮೇಲಿನ 1865 ಕಾರ್ಖಾನೆ ಶುರುವಾದ ವರ್ಷ, ಆ ಹಂಚು ಸುಟ್ಟ ವರ್ಷವಲ್ಲ. ಇದನ್ನು ಬರೆಯದಿದ್ದರೆ ನೋಡಿದವರು ತಮ್ಮ ಮನೆಗೆ ನೂರೈವತ್ತು ವರ್ಷ ಎಂದು ತಿಳಿದುಕೊಳ್ಳುತ್ತಾರೆ. ಮೊದಲ ಮಹಾಯುದ್ಧದ ಬಳಿಕ ಮಿಶನ್‌ನ ಹಂಚಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈಗೆ ಹೋದವು. ಆ ಹೆಸರಿನ ಮುದ್ರೆ ಸಿಕ್ಕರೆ ಹಂಚು ಯುದ್ಧದ ಈಚಿನದು ಎಂದು ಧೈರ್ಯವಾಗಿ ಬರೆಯಬಹುದು.

ಇನ್ನೊಂದು ಸಂಗತಿ. ಮೊಬೈಲಿನಲ್ಲಿ ಸ್ಥಳ ದಾಖಲಾಗುವ ಆಯ್ಕೆ ತೆರೆದಿದ್ದರೆ ಫೋಟೊದ ಒಳಗೇ ಅಕ್ಷಾಂಶ ರೇಖಾಂಶ ಕುಳಿತಿರುತ್ತದೆ. ಫೋಟೊ ಏರಿಸುವಾಗ ಕಾಮನ್ಸ್ ಅದನ್ನು ಓದಿ ಸ್ಥಳದ ಜಾಗವನ್ನು ತಾನೇ ತುಂಬಿಬಿಡುತ್ತದೆ. ದೇವಸ್ಥಾನ, ಬಸದಿಗಳಿಗೆ ಇದು ಅನುಕೂಲ. ವಾಸದ ಮನೆಗೆ ಅಲ್ಲ. ಕಲ್ಯಾಣಪುರದ ಒಬ್ಬ ಹಿರಿಯರು ‘ಹಂಚಿನದ್ದು ಹಾಕಿ ಮಾರಾಯರೇ, ಮನೆಯ ದಾರಿ ಮಾತ್ರ ಯಾರಿಗೂ ತೋರಿಸಬೇಡಿ’ ಎಂದಿದ್ದರು. ಈಗ ಮನೆಗಳ ಚಿತ್ರಗಳಿಂದ ಸ್ಥಳದ ಮಾಹಿತಿ ತೆಗೆದ ಮೇಲೆಯೇ ಏರಿಸುತ್ತೇನೆ, ವಿವರಣೆಯಲ್ಲಿ ಊರಿನ ಹೆಸರಷ್ಟೇ ಇರುತ್ತದೆ.

ಮಳೆ ಹಿಡಿದಿರುವುದರಿಂದ ಹೊರಗಿನ ಕೆಲಸ ನಿಂತಿದೆ. ಏರಿಸಿದ ಚಿತ್ರಗಳನ್ನು ಕಾರ್ಖಾನೆವಾರು ವರ್ಗಗಳಿಗೆ ಸೇರಿಸುತ್ತಿದ್ದೇನೆ. ಮಾಡಿನ ನೆತ್ತಿಗೆ ಹಾಕುವ ಹಂಚು, ಅಡುಗೆಮನೆಯ ಗಾಜಿನ ಹಂಚು ನನ್ನಲ್ಲಿ ತೀರಾ ಕಡಿಮೆ. ಮುದ್ರೆ ಇರುವಂಥವು ಕುಂದಾಪುರ ಕಡೆ ಯಾರ ಅಂಗಳದಲ್ಲಾದರೂ ಇದ್ದರೆ ತಿಳಿಸಿ, ಮಳೆ ಬಿಟ್ಟ ಮೇಲೆ ಬರುತ್ತೇನೆ.